ರೊಟ್ಟಿ ಮುರಿದವರ ಸಭೆ

ಹೋದ ವರ್ಷ ದೀಪಾವಳಿ ಮುಗಿದು ಎಂಟು ದಿನಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೋಕಾಕದ ನಮ್ಮ ಮನೆಗೆ ಬಂದ. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಅದರ ಅರ್ಧದಷ್ಟು ಅವನೇ ಬರೆದ ನಾಟಕ. "ಸರ್, ಕ್ರಿಸ್‌ಮಸ್‌ಗೆ ಆಡೂದೈತ್ರಿ. ಭಾಷಾ ಅಷ್ಟ ತಿದ್ದಿ ಕೊಡ್ರಿ" ಅಂದ. ಅವನ ಊರು ಮೂಡಲಗಿ ತಾಲೂಕಿನಲ್ಲಿದೆ. ಐದಾರು ವರ್ಷಗಳಿಂದ ಅವನೂ ಅವನ ಮನೆಯವರೂ ಚರ್ಚಿಗೆ ಹೋಗುವುದನ್ನು ಬಿಟ್ಟು, ಇಪ್ಪತ್ತು ಮೂವತ್ತು ಜನ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡುತ್ತಾರೆ. ಸಂಬಳದ ಪಾದ್ರಿ ಇಲ್ಲ, ಪೀಠವಿಲ್ಲ, ಬೋರ್ಡೂ ಇಲ್ಲ. ಯಾಕೆಂದು ಕೇಳಿದರೆ ಒಂದೇ ಮಾತು: "ಮೊದಲಿನವರು ಹೆಂಗಿದ್ರೋ ಹಂಗ ಇರೂನು ಅಂತ್ರಿ."

ನಾನು ಕ್ರೈಸ್ತನಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು, ಬೈಬಲ್ ಓದಿದ್ದು ಅದರ ಗದ್ಯಕ್ಕಾಗಿ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ದುಡಿದು ತಂದ ಕನ್ನಡ ಬೈಬಲ್ ಪೂರ್ತಿಯಾದದ್ದು 1831ರಲ್ಲಿ. ನಮ್ಮ ಬೆಳಗಾವಿಗೆ ಲಂಡನ್ ಮಿಶನ್‌ನವರು 1820ರಲ್ಲೇ ಬಂದಿದ್ದರು, 1904ರಲ್ಲಿ ಕೆಲಸ ಮೆಥೋಡಿಸ್ಟರ ಕೈಗೆ ಹೋಯಿತು. ಅಂದರೆ ಈ ಜಿಲ್ಲೆಯ ಕಿವಿಗೆ ಆ ಗದ್ಯ ಹೊಸದೇನಲ್ಲ. ಆದರೂ ನಮ್ಮ ಕನ್ನಡ ವಿಭಾಗಗಳಲ್ಲಿ ಅದಕ್ಕೆ ಸಿಗುವುದು ಕಿಟೆಲ್ ಹೆಸರಿನ ಅಕ್ಕಪಕ್ಕ ಅರ್ಧ ಪುಟ. ಅದನ್ನು ಸಾಹಿತ್ಯವೆಂದು ಓದುವವರು ಕಡಿಮೆ, ಮನೆಯ ಬಾಳುವೆಯೆಂದು ಓದುವವರು ಮೂಡಲಗಿಯ ಪಡಸಾಲೆಯಲ್ಲಿದ್ದಾರೆ.

ನಾಟಕದ ಕಥೆ 'ಅಪೊಸ್ತಲರ ಕೃತ್ಯಗಳು' ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳದು. ಯೇಸು ಹೋದ ಮೇಲೆ ಪಂಚಾಶತ್ತಮ ಹಬ್ಬದ ದಿನ ಜೆರುಸಲೇಮಿನಲ್ಲಿ ಪೇತ್ರ ಮಾತಾಡುತ್ತಾನೆ, ಮೂರು ಸಾವಿರ ಜನ ದೀಕ್ಷಾಸ್ನಾನ ಪಡೆಯುತ್ತಾರೆ, ಇದ್ದುದನ್ನೆಲ್ಲ ಮಾರಿ ಹಂಚಿಕೊಳ್ಳುತ್ತಾರೆ, ಮನೆಮನೆಯಲ್ಲಿ ಕೂಡಿ ಉಣ್ಣುತ್ತಾರೆ. ಸೈಪ್ರಸ್ಸಿನ ಬಾರ್ನಬ ಹೊಲ ಮಾರಿದ ಹಣ ತಂದು ಅಪೊಸ್ತಲರ ಪಾದದ ಬಳಿ ಇಡುವಲ್ಲಿಗೆ ಹುಡುಗ ಮಂಗಳ ಹಾಡಿಸಿದ್ದ.

ತಿದ್ದಲು ಕೂತವನು ಮೊದಲ ಪುಟದಲ್ಲೇ ಎಡವಿದೆ. ಅವನ ಪೇತ್ರ ಎದ್ದು ನಿಂತು "ಕೂಡಿದ ದೈವಕ್ಕ ಶರಣ್ರಿ" ಅನ್ನುತ್ತಾನೆ. ಕೆಂಪು ಗೆರೆ ಎಳೆದು, ಆಮೇಲೆ ಅಳಿಸಿದೆ. ಮೈಸೂರು ಕಡೆಯ ಓದುಗರಿಗೆ ಹೇಳಬೇಕು: ನಮ್ಮಲ್ಲಿ ದೈವ ಅಂದರೆ ಗುಡಿಯಲ್ಲಿರುವ ದೇವರಷ್ಟೇ ಅಲ್ಲ, ಕೂಡಿ ಕುಳಿತ ಊರ ಜನ. ಜಗಳ ಬಗೆಹರಿಸುವುದು ದೈವ, ಜಾತ್ರೆಗೆ ವಂತಿಗೆ ಹಾಕುವುದು ದೈವ. ಪಾರಿಜಾತ ಕಟ್ಟಿದ ತಮ್ಮಣ್ಣನ ಕುಲಗೋಡ ಇದೇ ಮೂಡಲಗಿ ತಾಲೂಕಿನದು, ಅಲ್ಲಿನ ಆಟದಲ್ಲಿ ಕಲಾವಿದರು ಕೈಮುಗಿಯುವುದೂ ಕುಂತ ದೈವಕ್ಕೆ. ಮೂಲ ಗ್ರೀಕಿನ ಎಕ್ಲೇಸಿಯ ಕೂಡ ಕಟ್ಟಡದ ಹೆಸರಲ್ಲ, ಕರೆ ಕೇಳಿ ಕೂಡಿದ ಊರಿನವರ ಹೆಸರು. ಬೈಬಲ್ಲಿನ ಕನ್ನಡ ಅದನ್ನು 'ಸಭೆ' ಮಾಡಿತು, ತಪ್ಪಲ್ಲ. ಆದರೆ ಸಭೆಗೆ ಅಧ್ಯಕ್ಷರು, ಸ್ವಾಗತ ಭಾಷಣ, ವಂದನಾರ್ಪಣೆ ಬಂದುಬಿಟ್ಟಿವೆ. ದೈವಕ್ಕೆ ಅವು ಇಲ್ಲ.

ರೊಟ್ಟಿಯ ವಿಷಯವೂ ಹೀಗೇ. ಮೊದಲಿನವರು ಮಾಡುತ್ತಿದ್ದುದು 'ರೊಟ್ಟಿ ಮುರಿಯುವುದು' ಎಂದು ಕನ್ನಡ ಬೈಬಲ್ ಹೇಳುತ್ತದೆ. ಮೇಜಿನ ಮೇಲಿನ ತೆಳ್ಳನೆಯ ಬಿಳಿ ಬಿಲ್ಲೆಯನ್ನೋ ಚೌಕ ಕತ್ತರಿಸಿದ ಬ್ರೆಡ್ಡನ್ನೋ ಕಂಡವರಿಗೆ ಇದೊಂದು ಧಾರ್ಮಿಕ ಪಾರಿಭಾಷಿಕ ಪದ. ಹುಕ್ಕೇರಿಯ ಮುದುಕಿಯೊಬ್ಬಳಿಗೆ ಓದಿ ಹೇಳಿ ನೋಡಿ, ಅವಳಿಗೆ ಕೇಳಿಸುವುದು ಕಟಕ ರೊಟ್ಟಿ ಮುರಿಯುವ ಸಪ್ಪಳ. ಹೊಲದ ಬದುವಿನ ಮೇಲೆ ಗಂಟು ಬಿಚ್ಚಿ ರೊಟ್ಟಿ ಮುರಿದು ಪಕ್ಕದವನ ಕೈಗೆ ಕೊಡುವುದು ಅವಳ ದಿನದ ಕೆಲಸ. ವಿದ್ವಾಂಸರು ಸುತ್ತಿ ಬಳಸಿ ಹೇಳುವ ಸಂಗತಿ, ಅಂದರೆ ಆ ಮೊದಲ ಆಚರಣೆ ನಿಜವಾದ ಹೊಟ್ಟೆ ತುಂಬುವ ಊಟವಾಗಿತ್ತು ಎಂಬುದು, ಉತ್ತರ ಕರ್ನಾಟಕದ ಕಿವಿಗೆ ಟೀಕೆಯಿಲ್ಲದೆ ತಲುಪುತ್ತದೆ. ಅನುವಾದಕರು ಇದನ್ನು ಉದ್ದೇಶಿಸಿರಲಿಕ್ಕಿಲ್ಲ.

ಎಲ್ಲ ಪದಗಳಿಗೂ ಈ ಭಾಗ್ಯವಿಲ್ಲ. ಕೊಯ್ನೊನಿಯ ಎಂಬ ಗ್ರೀಕ್ ಮಾತು ಕನ್ನಡದಲ್ಲಿ 'ಅನ್ಯೋನ್ಯತೆ' ಆಗಿದೆ. ಅನ್ಯೋನ್ಯತೆ ಮದುವೆಯ ಆಶೀರ್ವಾದದ ಮಾತು, ಅದರಲ್ಲಿ ಆಸ್ತಿಯ ವಾಸನೆ ಇಲ್ಲ. ಮೂಲದಲ್ಲಿದೆ: ಕೊಯ್ನೊಸ್ ಅಂದರೆ ಎಲ್ಲರಿಗೂ ಸೇರಿದ್ದು. ನಮ್ಮ ಕಡೆ ಅದಕ್ಕೆ ಮರಾಠಿಯಿಂದ ಬಂದ ಒಂದು ಪದವಿದೆ, ಸಾಮಾಯಿಕ. ಸಾಮಾಯಿಕ ಹೊಲ, ಸಾಮಾಯಿಕ ಬಾವಿ. ಮತ್ತು ಸಾಮಾಯಿಕ ಬಾವಿ ಇದ್ದಲ್ಲಿ ನೀರಿನ ಪಾಳಿ, ಪಾಳಿ ಇದ್ದಲ್ಲಿ ರಾತ್ರಿ ಎರಡು ಗಂಟೆಗೆ ಮೋಟರು ಯಾರು ಚಾಲೂ ಮಾಡಿದರು ಎಂಬ ಜಗಳ.

ನಾನು ಹುಡುಗನಿಗೆ ಕೇಳಿದ್ದು ಇದನ್ನೇ. "ಐದನೇ ಅಧ್ಯಾಯ ಯಾಕ ಬಿಟ್ಟಿ?"

ಐದನೇ ಅಧ್ಯಾಯದಲ್ಲಿ ಅನನೀಯ ಮತ್ತು ಅವನ ಹೆಂಡತಿ ಸಪ್ಫೈರ ಹೊಲ ಮಾರುತ್ತಾರೆ. ಹಣದಲ್ಲಿ ಒಂದು ಪಾಲು ಇಟ್ಟುಕೊಂಡು, ಪೂರ್ತಿ ಕೊಟ್ಟೆವೆಂದು ಹೇಳುತ್ತಾರೆ. ಪೇತ್ರ ಹೇಳುವುದರ ತಾತ್ಪರ್ಯ ಗಮನಿಸಬೇಕು: ಹೊಲ ನಿನ್ನದೇ ಇತ್ತು, ಮಾರಿದ ಹಣವೂ ನಿನ್ನದೇ, ಯಾರೂ ಒತ್ತಾಯ ಮಾಡಿರಲಿಲ್ಲ, ಸುಳ್ಳು ಯಾಕೆ? ಅನನೀಯ ಬಿದ್ದು ಸಾಯುತ್ತಾನೆ. ಹುಡುಗರು ಹೊತ್ತುಕೊಂಡು ಹೋಗಿ ಹೂಳುತ್ತಾರೆ. ಸುಮಾರು ಮೂರು ತಾಸಿನ ಮೇಲೆ ಏನೂ ಗೊತ್ತಿಲ್ಲದ ಸಪ್ಫೈರ ಬರುತ್ತಾಳೆ, ಅದೇ ಸುಳ್ಳು ಹೇಳುತ್ತಾಳೆ, ಅವಳೂ ಸಾಯುತ್ತಾಳೆ. ಸಭೆಗೆಲ್ಲ ಭಯ ಹಿಡಿಯಿತೆಂದು ಬರೆದು ಲೇಖಕ ಮುಂದೆ ಹೋಗುತ್ತಾನೆ.

ಆರನೇ ಅಧ್ಯಾಯದಲ್ಲಿ ಇನ್ನೊಂದು ತಕರಾರು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವವರ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ, ಹೀಬ್ರೂ ಮಂದಿಯವರಿಗೆ ಸಿಗುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಪಂಕ್ತಿಯಲ್ಲಿ ಭಾಷೆ ನೋಡಿ ಬಡಿಸುವುದು ಅಂದರೇನೆಂದು ವಿವರಿಸಬೇಕಾಗಿಲ್ಲ. ಅವರು ಹುಡುಕಿದ ದಾರಿ ಮಾತ್ರ ಇವತ್ತಿಗೂ ಬೆರಗಿನದು: ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಿದರು, ಏಳೂ ಹೆಸರು ಗ್ರೀಕ್ ಹೆಸರುಗಳು. ದೂರು ತಂದ ಮಂದಿಯ ಕೈಗೇ ಸವುಟು ಕೊಟ್ಟ ಹಾಗೆ ಕಾಣುತ್ತದೆ.

ಇದೆಲ್ಲ ಬರೆದದ್ದು ಯಾವಾಗ ಎಂಬುದೂ ಮುಖ್ಯ. 'ಅಪೊಸ್ತಲರ ಕೃತ್ಯಗಳು' ಒಂದನೇ ಶತಮಾನದ 80-90ರ ದಶಕದ್ದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಘಟನೆಗಳಾಗಿ ಐವತ್ತು ವರ್ಷದ ಮೇಲೆ. ಅದನ್ನು ಬರೆದವನೂ ನಮ್ಮ ಹುಡುಗನ ಹಾಗೆ ಹಿಂತಿರುಗಿ ನೋಡುತ್ತಿದ್ದ. ಅದಕ್ಕಿಂತ ಹಳೆಯ ಸಾಕ್ಷಿ ಪೌಲ ಕೊರಿಂಥದವರಿಗೆ 50ರ ದಶಕದಲ್ಲಿ ಬರೆದ ಕಾಗದ. ಕೂಡಿ ಉಣ್ಣುವುದರ ಬಗ್ಗೆ ಅಲ್ಲಿ ಇರುವುದು ಬೈಗುಳ: ಉಳ್ಳವರು ಮೊದಲೇ ಉಂಡು ಕುಡಿದು ಕೂರುತ್ತೀರಿ, ಇಲ್ಲದವನು ಹಸಿದು ನೋಡುತ್ತಾನೆ, ಇದು ಕರ್ತನ ಭೋಜನವೇ ಅಲ್ಲ ಎಂದು. ಮೊದಲಿನವರ ಊಟದ ಬಗ್ಗೆ ನಮಗೆ ಸಿಗುವ ಅತಿ ಹಳೆಯ ಬರಹವೇ ಆ ಊಟ ಕೆಟ್ಟಿತೆಂಬ ದೂರು. ಹಾಗಿದ್ದರೆ ಹುಡುಗ ಮರಳಬೇಕೆನ್ನುವ ಮೊದಲು ಯಾವುದು?

ಅವನು ಸುಮ್ಮನಿದ್ದ. ಆಮೇಲೆ ನಿಧಾನಕ್ಕೆ ಹೇಳಿದ. ಅವರ ಸಭೆಯಲ್ಲೂ ಒಂದು ಒಟ್ಟಿನ ಗಂಟು ಇದೆ. ಆಸ್ಪತ್ರೆಗೆ, ಮಕ್ಕಳ ಫೀಗೆ ಅದರಿಂದ ಕೊಡುತ್ತಾರೆ. ಎರಡು ವರ್ಷದ ಹಿಂದೆ ಒಬ್ಬರು ಕಬ್ಬಿನ ಬಿಲ್ಲು ಪೂರಾ ಹಾಕಿದೆನೆಂದು ಎದ್ದು ನಿಂತು ಸಾಕ್ಷಿ ಹೇಳಿದರು. ಪೂರಾ ಅಲ್ಲವೆಂದು ಆಮೇಲೆ ತಿಳಿಯಿತು. ಯಾರೂ ಏನೂ ಅನ್ನಲಿಲ್ಲ. ಅವರು ಬರುವುದು ಬಿಟ್ಟರು. "ಆ ಸೀನ್ ಹಾಕಿದ್ರ ಅವರಿಗೇ ಬಟ್ಟ ಮಾಡಿ ತೋರಿಸಿದಂಗ ಆಕ್ಕೈತ್ರಿ ಸರ್."

ನಾಟಕ ಬಿಟ್ಟು ಸಾಹಿತ್ಯದ ಮಾತಿಗೆ ಬಂದರೆ, ಕನ್ನಡದ ದೊಡ್ಡ ಬರಹಗಾರರೂ ಈ ಅಧ್ಯಾಯ ಬಿಟ್ಟವರೇ. ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಕ್ರಿಸ್ತನ ಕೊನೆಯ ದಿನದ ಕಾವ್ಯ. ಕನ್ನಡ ಮನಸ್ಸಿನಲ್ಲಿ ಕ್ರಿಸ್ತ ನಿಂತದ್ದು ಅಲ್ಲೇ, ಶಿಲುಬೆಯ ಮೇಲೆ, ಕರುಣೆಯ ಮೂರ್ತಿಯಾಗಿ. ಅವನು ಹೋದ ಮರುವರ್ಷ ಅವನ ಜನ ಹಿಟ್ಟು ಎಷ್ಟು ಹಂಚಿಕೊಂಡರು, ಯಾರಿಗೆ ಕಡಿಮೆ ಬಿತ್ತು ಎಂಬುದು ನಮ್ಮ ಕಾವ್ಯಕ್ಕೆ ಬೇಕಾಗಲಿಲ್ಲ. ಆದರೆ ಇಂಥ ಸಮುದಾಯವನ್ನು ಬರೆಯುವುದು ನಮಗೆ ಬಾರದ ವಿದ್ಯೆಯೇನಲ್ಲ. ಕಲ್ಯಾಣದ ಶರಣರ ಬಗ್ಗೆ ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ಇವೆ. ಮೂವರೂ ಕಲ್ಯಾಣವನ್ನು ಬಿರುಕು ಸಮೇತ ಬರೆದರು, ಅದಕ್ಕೇ ಜಗಳವೂ ಆಯಿತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಕಂಬಾರರ ಶಿವಾಪುರವೂ ಅಷ್ಟೆ, ಮೊದಲಿನ ಚೆಲುವಿನ ಹಂಬಲ ಅಲ್ಲಿ ಎಷ್ಟಿದೆಯೋ ಗೌಡಿಕೆಯ ದರ್ಪವೂ ಅಷ್ಟೇ ಇದೆ. ನಮ್ಮ ಮೂಲದ ಕತೆಗೆ ಕೊಟ್ಟ ಈ ಗೌರವವನ್ನು ನೆರೆಯವರ ಮೂಲದ ಕತೆಗೆ ನಾವು ಕೊಟ್ಟಿಲ್ಲ. ಕ್ರಿಸ್ತನನ್ನು ಹೊಗಳಿ ಕೈತೊಳೆದುಕೊಂಡಿದ್ದೇವೆ ಅಂತ ನನ್ನ ಅನಿಸಿಕೆ.

ಮರಳುವುದಕ್ಕೆ ಬೇರೆ ದಾರಿಗಳೂ ಇವೆ. ನಮ್ಮ ಜಿಲ್ಲೆಯದೇ ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿ ಉಟ್ಟು, ಸಸ್ಯಾಹಾರ ಹಿಡಿದು, ಸ್ನಾನಿಕ ಅರುಳಪ್ಪನವರ ಹೆಸರಿನಲ್ಲಿ ವಿರಕ್ತಮಠವನ್ನೇ ಕಟ್ಟಿದರು. ಅದು ನೆಲಕ್ಕೆ ಮರಳಿದ್ದು. ಹುಡುಗನದು ಕಾಲಕ್ಕೆ ಮರಳುವ ಹಟ, ಇದು ಹೆಚ್ಚು ಕಷ್ಟದ್ದು.

ಅವನಿಗೆ ಎರಡು ಹಳೆಯ ಬರಹಗಳ ಬಗ್ಗೆ ಹೇಳಿದೆ. ಒಂದು 'ದಿದಖೆ', ಒಂದನೇ ಶತಮಾನದ ಕೊನೆಯ ಹೊತ್ತಿನದೆನ್ನಬಹುದಾದ ಸಣ್ಣ ಕೈಪಿಡಿ. ಅದರ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ದೀಕ್ಷಾಸ್ನಾನಕ್ಕೆ ಹರಿಯುವ ನೀರು ಮೇಲು, ಇಲ್ಲದಿದ್ದರೆ ಬೇರೆ ನೀರು, ಅದೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರೂ ಆದೀತು ಎನ್ನುವಷ್ಟು ಸಡಿಲು ಮನಸ್ಸು ಅದರದು. ಬಿಗಿ ಇರುವುದು ಬೇರೆ ಕಡೆ: ಊರಿಗೆ ಬಂದ ಬೋಧಕ ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಇದ್ದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದಾರಿಯ ರೊಟ್ಟಿ ಕೊಡಿ, ಹಣ ಕೇಳಿದರೆ ಅವನೂ ಸುಳ್ಳ. ಹುಡುಗ ನಕ್ಕ, "ಇದನ್ನ ಗ್ವಾಡಿಗೆ ಬರಸ್ತೀನ್ರಿ."

ಇನ್ನೊಂದು, ರೋಮಿನ ಅಧಿಕಾರಿ ಪ್ಲಿನಿ 112ರ ಸುಮಾರಿಗೆ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ. ಈ ಜನ ಕೂಡಿ ಏನು ಮಾಡುತ್ತಾರೆಂದು ವಿಚಾರಣೆ ನಡೆಸಿದ್ದ. ಸಭೆಯಲ್ಲಿ ಸೇವಕಿಯರೆನಿಸಿಕೊಂಡ ಇಬ್ಬರು ದಾಸಿಯರನ್ನು ಹಿಂಸಿಸಿ ಕೇಳಿದ್ದ. ಅವನಿಗೆ ಸಿಕ್ಕಿದ್ದು ಇಷ್ಟು: ನಸುಕಿನಲ್ಲಿ ಕೂಡುತ್ತಾರೆ, ಹಾಡುತ್ತಾರೆ, ಕದಿಯುವುದಿಲ್ಲ, ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಮಾಡುತ್ತಾರೆ, ಆಮೇಲೆ ಮತ್ತೆ ಸೇರಿ ಸಾಮಾನ್ಯ ಊಟ ಮಾಡುತ್ತಾರೆ. ಇದನ್ನು ಕೇಳುವಾಗ ಅವನು ನಗಲಿಲ್ಲ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಮತಾಂತರದ ಮಸೂದೆಯನ್ನು ವಿಧಾನಸಭೆ ಒಪ್ಪಿದ ಮೇಲೆ ಅವರು ಮುಂಬಾಗಿಲು ತೆರೆದಿಟ್ಟೇ ಕೂಡುತ್ತಾರಂತೆ. ಹಾದು ಹೋಗುವವರು ನೋಡಲಿ ಎಂದು.

ಡಿಸೆಂಬರ್ ಎರಡನೇ ವಾರ ತಾಲೀಮು ನೋಡಲು ಕರೆದ. ಐದನೇ ಅಧ್ಯಾಯ ಸೇರಿಸಿದ್ದ. ಭಾಷೆ ತಿದ್ದುವುದು ಏನೂ ಇರಲಿಲ್ಲ. ಸಪ್ಫೈರಳ ಪಾತ್ರಕ್ಕೆ ಹರೆಯದ ಹುಡುಗಿಯರು ಯಾರೂ ಒಪ್ಪದೆ ಅವನ ತಾಯಿಯೇ ನಿಂತಿದ್ದರು, ಸೆರಗು ಹೊದ್ದುಕೊಂಡು. ಪೇತ್ರನಾದ ಹುಡುಗ ಕೇಳಿದ: ಹೊಲ ಇಷ್ಟಕ್ಕೇ ಮಾರಿದಿರೇನು? ಆಕೆ ಹೇಳಬೇಕಿದ್ದ ಮಾತು "ಹೌದ್ರಿ, ಇಷ್ಟಕ್ಕ". ಹೇಳಲಿಲ್ಲ. ಮಗನ ಕಡೆ ತಿರುಗಿದರು.

"ಆಕಿ ಗಂಡ ಸತ್ತು ಮಣ್ಣಾಗಿ ಮೂರು ತಾಸು ಆತು. ಇಷ್ಟ ಮಂದಿ ಇಲ್ಲೇ ಕುಂತಾರ. ಬಾಗಲದಾಗ ಬಂದಾಕಿಗೆ ಒಬ್ಬರರೆ ಹೇಳಬೇಕೋ ಬ್ಯಾಡೋ?"

ಪೇತ್ರ ಕೈಯಲ್ಲಿದ್ದ ಹಾಳೆ ನೋಡಿದ. ಹುಡುಗ ನನ್ನ ಕಡೆ ನೋಡಿದ. ಮೂಲದಲ್ಲಿ ಇದಕ್ಕೆ ಉತ್ತರವಿಲ್ಲ ಅಂದೆ. "ಇಲ್ಲಂದ್ರ ಹೆಂಗ್ರಿ ಮಾಸ್ತರ್" ಅಂದರು ಆಕೆ, ಅಲ್ಲೇ ಜಮಖಾನೆಯ ಮೇಲೆ ಕೂತರು. ಹೆಣ ಹೊರಬೇಕಿದ್ದ ಹುಡುಗರಲ್ಲಿ ಒಬ್ಬ, ನಾವು ಹೇಳಬೇಕಿತ್ತು ಅಂದ. ಇನ್ನೊಬ್ಬ, ಪೇತ್ರ ಹೇಳಬೇಕಿತ್ತು ಅಂದ. ಮೂಲೆಯಲ್ಲಿದ್ದ ಹಿರಿಯರೊಬ್ಬರು ಕಬ್ಬಿನ ಬಿಲ್ಲಿನ ಆ ಮನುಷ್ಯನ ಹೆಸರೆತ್ತಿದರು. ನನಗೆ ಗೋಕಾಕದ ಕೊನೆಯ ಬಸ್ಸು ಹಿಡಿಯಬೇಕಿತ್ತು. ಎದ್ದು ಚಪ್ಪಲಿ ಮೆಟ್ಟುವಾಗಲೂ ಮಾತು ನಡೆದಿತ್ತು, ಮುಂಬಾಗಿಲು ತೆರೆದೇ ಇತ್ತು.