ಗದ್ದಲದೊಳಗಿನ ಪಿಸುಮಾತು

ದೂರದ ಕೇಂದ್ರಗಳನ್ನು ಸಂಪರ್ಕಿಸುವ ಹವ್ಯಾಸಿ ರೇಡಿಯೋ ಪಂದ್ಯಕ್ಕೆ ಹಿಂದೆ ಹೆಚ್ಚಾಗಿ ಗಟ್ಟಿ ಗಂಟಲು ಬೇಕಿತ್ತು, ಇಲ್ಲವೇ ಮೋರ್ಸ್ ಬಲ್ಲ ಚುರುಕು ಕಿವಿ. ಎಫ್‌ಟಿ8 ಆ ಲೆಕ್ಕ ಬದಲಿಸಿತು. ನೊಬೆಲ್ ಪುರಸ್ಕೃತ ಖಗೋಳ ವಿಜ್ಞಾನಿ ಜೋ ಟೇಲರ್, ಸ್ಟೀವ್ ಫ್ರಾಂಕೆ ಜೊತೆಗೂಡಿ 2017ರಲ್ಲಿ ತಂದ ಈ ಕಂಪ್ಯೂಟರ್ ಆಧಾರಿತ ವಿಧಾನ, ಕಿವಿಗೆ ಸಿಗದ ಕ್ಷೀಣ ಸಂಕೇತವನ್ನೂ ಗದ್ದಲದಿಂದ ಹೆಕ್ಕುತ್ತದೆ. ಸರದಿಗೆ 15 ಸೆಕೆಂಡು. ಪಂದ್ಯಕ್ಕೆಂದೇ 2019ರಲ್ಲಿ ಬಂದ ಎಫ್‌ಟಿ4ರಲ್ಲಿ ಅದರರ್ಧ.

ವಿನಿಮಯವಾಗುವುದು ಕರೆಚಿಹ್ನೆ, ಭೂಪಟದ ಚೌಕದ ಗುರುತು. ನಂಜನಗೂಡು, ತಿ. ನರಸೀಪುರ, ಮಧ್ಯ ಬೆಂಗಳೂರು ಎಲ್ಲಕ್ಕೂ ಎಂಕೆ82 ಒಂದೇ ಚೌಕ. ವರ್ಲ್ಡ್ ವೈಡ್ ಡಿಜಿ ಪಂದ್ಯದಲ್ಲಿ ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಪರವಾನಗಿಯಿದ್ದರೆ, ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದಲ್ಲಿ ಎರಡು ತೆಂಗಿನ ಮರಗಳ ನಡುವೆ ಬಿಗಿದ ತಂತಿಗೂ ಯುರೋಪು ಎಟುಕೀತು.

ಆಡುವುದು ಕಂಪ್ಯೂಟರೇ ಎಂಬ ದೂರಿದೆ. ಆದರೆ ಯಾವ ಹೊತ್ತಿಗೆ ಯಾವ ತರಂಗಾಂತರದ ಬ್ಯಾಂಡು ತೆರೆದೀತು, ಯಾರನ್ನು ಮೊದಲು ಕರೆಯಬೇಕು ಎಂಬ ಅಂದಾಜು ಇಂದಿಗೂ ಮನುಷ್ಯನದೇ.