ಆಯುಸ್ಸನ್ನು ಕೊಟ್ಟವರು ಯಾರು? ಉತ್ತನೂರಿನ ಒಂದು ಹಾಡು ಮತ್ತು ಅದರ ತತ್ತ್ವ

ಜನಪ್ರಿಯ ಹಾಡುಗಳಲ್ಲಿ ತತ್ತ್ವವನ್ನು ಹುಡುಕುವ ವಿಮರ್ಶೆಯಲ್ಲಿ ಒಂದು ರೂಢಿ ಬೇರೂರಿದೆ. ಹಾಡಿನಿಂದ ಒಂದೆರಡು ಹೇಳಿಕೆಗಳನ್ನು ಆಯ್ದುಕೊಳ್ಳುವುದು, ಅವುಗಳಿಗೆ ಸಮಾನವಾದ ಪ್ರಮೇಯಗಳನ್ನು ದರ್ಶನಗ್ರಂಥಗಳಲ್ಲಿ ತೋರಿಸುವುದು, ಆ ಬಳಿಕ ಹಾಡಿನಲ್ಲಿ ತತ್ತ್ವವಿದೆಯೆಂದು ತೀರ್ಮಾನಿಸುವುದು. ದಾಸರ ಪದವಾದರೆ ಪಂಚಭೇದ ಮತ್ತು ತಾರತಮ್ಯ, ತತ್ತ್ವಪದವಾದರೆ ಗುರು ಮತ್ತು ಬಯಲು ಕೈಗೆ ಸಿಗುತ್ತವೆ. ಈ ಓದಿನಲ್ಲಿ ಹಾಡು ಶಾಸ್ತ್ರದ ಸರಳ ಸಾರಾಂಶವಾಗಿ ಉಳಿಯುತ್ತದೆಯೇ ಹೊರತು, ತಾನೇ ವಿಚಾರ ಮಾಡಬಲ್ಲ ರಚನೆಯಾಗಿ ಕಾಣುವುದಿಲ್ಲ. ಗದ್ವಾಲ ಸೀಮೆಯ ಒಂದು ಪ್ರಸಿದ್ಧ ಪದ ಈ ರೂಢಿಯನ್ನು ಪ್ರಶ್ನಿಸಲು ಸಾಕಷ್ಟು ಕಾರಣ ಒದಗಿಸುತ್ತದೆ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ಎಡೆದೊರೆ ನಾಡು 18ನೆಯ ಶತಮಾನದಲ್ಲಿ ಹರಿದಾಸ ಪರಂಪರೆಯ ಎರಡನೆಯ ಏಳಿಗೆಯನ್ನು ಕಂಡಿತು. ವಿಜಯದಾಸರ (1682–1755) ಶಿಷ್ಯರಾದ ಗೋಪಾಲದಾಸರು ನೆಲೆಸಿದ್ದ ಉತ್ತನೂರು ಇಂದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿದೆ. ಅವರ ಶಿಷ್ಯರಾದ ಜಗನ್ನಾಥದಾಸರ ಮಾನ್ವಿ ಕರ್ನಾಟಕದ ರಾಯಚೂರು ಜಿಲ್ಲೆಯಲ್ಲಿದೆ. ಈ ಎರಡು ಊರುಗಳ ನಡುವೆ ನದಿಯಿಲ್ಲ, ರಾಜ್ಯದ ಗಡಿ ಮಾತ್ರ ಇದೆ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ಪುನರ್ವಿಂಗಡಣೆಯಲ್ಲಿ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. ಗುರುವಿನ ಊರು ಒಂದು ರಾಜ್ಯದ ಪಾಲಾಯಿತು, ಶಿಷ್ಯನ ಊರು ಇನ್ನೊಂದರ ಪಾಲಾಯಿತು.

ಈ ಗುರುಶಿಷ್ಯರನ್ನು ಕೂಡಿಸುವ ಕಥೆ ಸಂಪ್ರದಾಯದಲ್ಲಿ ಎಲ್ಲರಿಗೂ ತಿಳಿದದ್ದು. ಮಾನ್ವಿಯ ಸಂಸ್ಕೃತ ವಿದ್ವಾಂಸ ಶ್ರೀನಿವಾಸಾಚಾರ್ಯರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಕಡೆಗಣಿಸಿ ಉದರವ್ಯಾಧಿಗೆ ತುತ್ತಾದರು. ಪಶ್ಚಾತ್ತಾಪದಿಂದ ಬಂದವರನ್ನು ವಿಜಯದಾಸರು ಉತ್ತನೂರಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಅವರಿಗೆ ದಾನ ಮಾಡಿದರು. ಮುಂದೆ ಭಾಮಿನೀ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಇವರೇ. ಈ ಪ್ರಸಂಗದಲ್ಲಿ ಹುಟ್ಟಿದ್ದೆಂದು ಪರಂಪರೆ ನಂಬುವ ಪದವೊಂದಿದೆ. ಅದು ಧನ್ವಂತರಿಯನ್ನು ಕುರಿತ ಗೋಪಾಲದಾಸರ ಪ್ರಾರ್ಥನೆ. ರೋಗಿಯ ಹಾಸಿಗೆಯ ಬಳಿ ಅದನ್ನು ಹಾಡುವ ವಾಡಿಕೆ ಇಂದಿಗೂ ಇದೆ.

ಕಥೆಯನ್ನೂ ಹಾಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವೆರಡೂ ಒಂದೇ ಮಾತನ್ನು ಹೇಳುವುದಿಲ್ಲವೆಂಬುದು ಗೊತ್ತಾಗುತ್ತದೆ. ಕಥೆಯ ಕ್ರಿಯಾಪದ ‘ಕೊಟ್ಟರು’. ಕೊಡುವವನಿಗೆ ಕೊಡುವ ವಸ್ತುವಿನ ಮೇಲೆ ಒಡೆತನವಿರಬೇಕು. ಆದರೆ ಮಧ್ವರ ‘ತತ್ತ್ವಸಂಖ್ಯಾನ’ ಸಮಸ್ತ ತತ್ತ್ವವನ್ನು ಮೊದಲಿಗೇ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸುತ್ತದೆ, ಸ್ವತಂತ್ರನು ವಿಷ್ಣುವೊಬ್ಬನೇ. ಹಾಗಿರುವಾಗ ಅಸ್ವತಂತ್ರನಾದ ಜೀವನು ತನ್ನದಲ್ಲದ ಆಯುಸ್ಸನ್ನು ಮತ್ತೊಬ್ಬ ಜೀವನಿಗೆ ಹೇಗೆ ದಾನ ಮಾಡಿಯಾನು? ಕಥೆ ಈ ತೊಡಕನ್ನು ಗಮನಿಸುವುದಿಲ್ಲ. ಹಾಡು ಗಮನಿಸುತ್ತದೆ.

ಹಾಡಿನಲ್ಲಿ ದಾನವೇ ಇಲ್ಲ. ಅದು ಆದ್ಯಂತ ಬಿನ್ನಪ. ಕವಿ ತನ್ನ ಆಯುಸ್ಸಿನ ಪ್ರಸ್ತಾಪ ಮಾಡುವುದಿಲ್ಲ, ವರ್ಷಗಳ ಲೆಕ್ಕ ಹೇಳುವುದಿಲ್ಲ, ರೋಗಿಯ ಹೆಸರನ್ನೂ ಎತ್ತುವುದಿಲ್ಲ. ಕಾಡುವ ರೋಗವನ್ನು ಕಳೆದು ಈ ಸಣ್ಣವನನ್ನು ಕಾಪಾಡೆಂದು ಕೇಳುತ್ತಾನೆ. ಆರೋಗ್ಯವನ್ನೂ ಆಯುಸ್ಸನ್ನೂ ಅವುಗಳಿಗಾಗಿಯೇ ಬೇಡುವುದಿಲ್ಲ. ಅವು ಸಾಧನೆಗೆ ಒದಗುತ್ತವೆಂಬ ಕಾರಣಕ್ಕೆ ಬೇಡುತ್ತಾನೆ. ಕೊನೆಗೆ ಬರುವ ತಿರುವು ಇನ್ನೂ ಸೂಕ್ಷ್ಮವಾದದ್ದು: ಈ ಮಾತು ತನ್ನದಲ್ಲ, ತನ್ನ ಹಿರಿಯರದು ಎಂದು ಬಿನ್ನಪದ ಒಡೆತನವನ್ನೂ ಕವಿ ಬಿಟ್ಟುಕೊಡುತ್ತಾನೆ. ‘ಗೋಪಾಲವಿಠಲ’ ಎಂಬ ಅಂಕಿತವು ಗುರುವಿನಿಂದ ಬಂದದ್ದು, ದೇವರ ಹೆಸರಾದದ್ದು. ಕವಿಯ ಸಹಿ ಬೀಳಬೇಕಾದ ಜಾಗದಲ್ಲಿ ಸಂಬೋಧನೆಯೇ ನಿಲ್ಲುತ್ತದೆ. ಹೀಗೆ ಪಾರತಂತ್ರ್ಯವೆಂಬ ಪ್ರಮೇಯವನ್ನು ಎಲ್ಲಿಯೂ ವ್ಯಾಖ್ಯಾನಿಸದೆ, ಯಾರು ಯಾರನ್ನು ಯಾರ ಪರವಾಗಿ ಕೇಳುತ್ತಾರೆಂಬ ವ್ಯಾಕರಣದಲ್ಲಿಯೇ ಹಾಡು ಅದನ್ನು ನಡೆಸಿ ತೋರಿಸುತ್ತದೆ.

ಬೇಡಿಕೆ ಭಕ್ತಿಗೀತೆಯ ಸಾಮಾನ್ಯ ಧಾಟಿಯಲ್ಲವೇ, ಅದಕ್ಕೆ ಇಷ್ಟು ಅರ್ಥ ಹೊರಿಸಬಹುದೇ ಎಂಬ ಆಕ್ಷೇಪ ಸಹಜ. ಸಂಬೋಧನೆ ಕೇವಲ ಧಾಟಿಯಾಗಿದ್ದರೆ ಎಲ್ಲ ಪಂಥಗಳಲ್ಲೂ ಒಂದೇ ಆಗಿರಬೇಕಿತ್ತು. ನಾರಾಯಣಪೇಟೆ, ಮಕ್ತಲ್‌ಗಳ ಪಡುವಣ ನೆರೆಯಾದ ಯಾದಗಿರಿ–ಕಲಬುರಗಿ ಸೀಮೆಯ ತತ್ತ್ವಪದಗಳನ್ನು ನೋಡಬಹುದು. ಕಡಕೋಳ ಮಡಿವಾಳಪ್ಪನವರ ಬಳಗದಲ್ಲಿ ಚನ್ನೂರ ಜಲಾಲಸಾಹೇಬರೂ ಖೈನೂರ ಕೃಷ್ಣಪ್ಪನವರೂ ಇದ್ದರು. ಈ ಪರಂಪರೆಯ ಪದಕಾರ ಹೆಚ್ಚಾಗಿ ದೇವರ ಕಡೆಗಲ್ಲ, ಎದುರು ಕುಳಿತವರ ಕಡೆಗೆ ತಿರುಗುತ್ತಾನೆ. ತಮ್ಮಾ, ತಂಗಿ ಎಂದು ಕರೆದು ಕೇಳುತ್ತಾನೆ, ಕೆಣಕುತ್ತಾನೆ, ಒಗಟು ಹಾಕುತ್ತಾನೆ. ಅರಿವು ಒಳಗೇ ಇದೆ, ಗುರು ಅದನ್ನು ಎಬ್ಬಿಸುತ್ತಾನೆ ಎಂಬ ನಿಲುವಿಗೆ ಪ್ರಶ್ನೆಯೇ ತಕ್ಕ ರೂಪ. ಕೊಡುವವನೊಬ್ಬನೇ ಎಂಬ ನಿಲುವಿಗೆ ಬಿನ್ನಪವೇ ತಕ್ಕ ರೂಪ. ಎರಡೂ ಕಡೆ ದರ್ಶನದ ವ್ಯತ್ಯಾಸ ಮೊದಲು ಕಾಣುವುದು ವಾಕ್ಯದ ತಿರುಗುವಿಕೆಯಲ್ಲಿ.

ಹಾಡು ಜನಪ್ರಿಯವಾದುದಕ್ಕೂ ಇದೇ ವ್ಯಾಕರಣ ಕಾರಣ. ಹೆಸರಿಲ್ಲದ ‘ಇವನು’ ಖಾಲಿ ಬಿಟ್ಟ ಸ್ಥಾನ. ಯಾವ ಮನೆಯ ರೋಗಿಯಾದರೂ ಅಲ್ಲಿ ನಿಲ್ಲಬಹುದು, ಯಾವ ತಾಯಿಯಾದರೂ ಆ ಬಿನ್ನಪವನ್ನು ಹಾಡಬಹುದು. ಕಥೆ ಮಹಾತ್ಮನೊಬ್ಬನ ಒಮ್ಮೆಯ ತ್ಯಾಗವನ್ನು ಹೊಗಳಿ ಮುಗಿಯುತ್ತದೆ. ತ್ಯಾಗ ಮಾಡಲಾರದ ಸಾಮಾನ್ಯರಿಗೂ ಹಾಡು ಒಂದು ನಿಲುವನ್ನು ಕೊಡುತ್ತದೆ.

ಗಡಿನಾಡಿನ ಅಧ್ಯಯನಕ್ಕೆ ಇದರಿಂದ ಒದಗುವ ಪ್ರಶ್ನೆ ಹಗುರವಾದುದಲ್ಲ. ತೆಲುಗು ನಾಡಿನಲ್ಲಿ ಕನ್ನಡದ ದಾಸರ ಪದಗಳು ತೆಲುಗು ಲಿಪಿಯ ಪುಸ್ತಕಗಳಿಂದ ಹಾಡಲ್ಪಡುತ್ತವೆ. ತತ್ತ್ವ ಹೇಳಿಕೆಯಲ್ಲಿ ಮಾತ್ರ ಇದ್ದರೆ, ತೆಲುಗಿನಲ್ಲಿ ಭಾವಾರ್ಥ ಕೊಟ್ಟ ಕೂಡಲೇ ಕೆಲಸ ಮುಗಿಯಿತು, ಕನ್ನಡ ಉಳಿದರೂ ಅಳಿದರೂ ಒಂದೇ. ಅದು ಸಂಬೋಧನೆಯಲ್ಲಿ, ವಿಧಿರೂಪದಲ್ಲಿ, ಸರ್ವನಾಮದಲ್ಲಿ ಇದ್ದರೆ, ಭಾವಾರ್ಥವು ಮೊದಲು ಕಳೆದುಕೊಳ್ಳುವುದು ಅದನ್ನೇ. ಹಾಗೆಂದು ತೆಲುಗು ಮನೆಮಾತಿನ ಗಾಯಕಿಗೆ ಹಾಡು ಮುಚ್ಚಿದ ಬಾಗಿಲೆಂದು ಭಾವಿಸಬೇಕಾಗಿಲ್ಲ. ಕನ್ನಡದ ಬಿನ್ನಪವೂ ತೆಲುಗಿನ ವಿನ್ನಪಮೂ ಒಂದೇ ಮೂಲದ ಮಾತುಗಳು. ಬೇಡುವ ವಾಕ್ಯದ ಕಟ್ಟೂ ಎರಡು ಭಾಷೆಗಳಲ್ಲಿ ಹತ್ತಿರದ್ದು. ಪದದ ಅರ್ಥ ಪೂರ್ತಿ ತಿಳಿಯದವಳಿಗೂ ತಾನು ಕೇಳುತ್ತಿದ್ದೇನೆ, ಕೊಡುತ್ತಿಲ್ಲ ಎಂಬುದು ತಿಳಿದಿರುತ್ತದೆ. ಕಥೆಯನ್ನು ನೆಚ್ಚಿದ ವಿಮರ್ಶಕನಿಗಿಂತ ಅವಳು ಉತ್ತನೂರಿನ ತತ್ತ್ವಕ್ಕೆ ಹತ್ತಿರದಲ್ಲಿದ್ದಾಳೆ.