ಅವಧಿಯಿಲ್ಲದ ವಿರಹ

ವಿಪ್ರಲಂಭಶೃಂಗಾರವನ್ನು ವಿವೇಚಿಸಿದ ಲಾಕ್ಷಣಿಕರು ಪ್ರವಾಸದಿಂದೊದಗುವ ಅಗಲಿಕೆಗೆ ಮೂರು ಕಾರಣಗಳನ್ನು ಹೇಳಿದ್ದಾರೆ. ಕಾರ್ಯ, ಸಂಭ್ರಮ, ಶಾಪ ಎಂದು ದಶರೂಪಕದಲ್ಲಿ ಧನಂಜಯನು ಅವನ್ನು ಎಣಿಸುತ್ತಾನೆ. ಇಲ್ಲಿ ಸಂಭ್ರಮವೆಂದರೆ ಸಡಗರವಲ್ಲ. ಉತ್ಪಾತಗಳಿಂದ ಹುಟ್ಟುವ ತಲ್ಲಣ. ಗಂಡನು ದೂರದೇಶದಲ್ಲಿರುವ ನಾಯಿಕೆಗೆ ಪ್ರೋಷಿತಭರ್ತೃಕೆಯೆಂದು ಹೆಸರು. ಈ ವಿಭಾಗವು ಕೇವಲ ಶಾಸ್ತ್ರದ ಮಾತೆಂದು ತಿಳಿಯುವವರು ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿದ ಮನೆಗಳ ಸಮಾಚಾರವನ್ನು ಕೇಳಬೇಕು. ಆ ಮೂರು ಕಾರಣಗಳೂ ಒಂದೇ ಸಂಸಾರದಲ್ಲಿ ಕೂಡಿಬಂದುದು ಅಲ್ಲಿ ಕಾಣುತ್ತದೆ.

ವಿರಹಕಾವ್ಯಗಳಲ್ಲಿ ಅಗ್ರಗಣ್ಯವಾದ ಮೇಘದೂತವು ಬೇಂದ್ರೆಯವರಿಂದ 1943ರಲ್ಲಿ ಕನ್ನಡವಾಯಿತು. ಅಲ್ಲಿಯ ಅಗಲಿಕೆಗೆ ಪ್ರೇಮಕಲಹವು ಮೂಲವಲ್ಲ. ಕೆಲಸದಲ್ಲಿ ತಪ್ಪಿದ ಸೇವಕನಿಗೆ ಒಡೆಯನು ವಿಧಿಸಿದ ಶಿಕ್ಷೆ ಮೂಲ. ಆದರೆ ಆ ಶಿಕ್ಷೆಗೆ ಒಂದು ವರ್ಷವೆಂಬ ಗಡುವುಂಟು. ಯಕ್ಷನಿಗೆ ಇನ್ನು ನಾಲ್ಕೇ ತಿಂಗಳು ಉಳಿದಿವೆಯೆಂದು ಗೊತ್ತು. ಅಲಕೆಯಲ್ಲಿ ಅವನ ಮಡದಿಯು ಹೊಸ್ತಿಲಿನ ಮೇಲೆ ಹೂವಿಟ್ಟು ಉಳಿದ ಕಾಲವನ್ನು ಎಣಿಸುತ್ತಾಳೆ. ಕುವೆಂಪು ಅವರು 1949ರಲ್ಲಿ ಪ್ರಕಟವಾದ ಶ್ರೀರಾಮಾಯಣದರ್ಶನದಲ್ಲಿ ಊರ್ಮಿಳೆಯನ್ನು ತಪಸ್ವಿನಿಯಾಗಿ ಕಂಡರು. ಅವಳ ತಪಸ್ಸಿಗೂ ಹದಿನಾಲ್ಕು ವರ್ಷದ ಮೇರೆಯಿದೆ. ಮೇರೆಯಿರುವುದರಿಂದಲೇ ಶೋಕವು ಆಶೆಯನ್ನು ಹಿಡಿದು ನಿಲ್ಲುತ್ತದೆ.

ಇಂದಿನ ಪ್ರೋಷಿತಭರ್ತೃಕೆಗೆ ಇಲ್ಲವಾದುದು ಈ ಮೇರೆ. ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿ ದುಡಿಯುವವನ ಹೆಂಡತಿಗೆ ದೊರೆಯುವುದು ಎಚ್-4. ಅವನ ಅನುಮತಿಯನ್ನು ಆಶ್ರಯಿಸಿಯೇ ಇವಳ ಅನುಮತಿ ನಿಲ್ಲಬೇಕು. ದುಡಿಯುವ ಹಕ್ಕು ಅದರೊಡನೆ ಬರುವುದಿಲ್ಲ. 2015ರ ನಿಯಮವೊಂದು, ಗಂಡನ ಹಸಿರು ಕಾರ್ಡಿನ ಅರ್ಜಿಯು ಒಂದು ಹಂತವನ್ನು ದಾಟಿದ್ದರೆ, ಕೆಲವರಿಗೆ ಅದನ್ನು ಕೊಟ್ಟಿತು. ಆ ಕಾರ್ಡಿನ ಸಾಲಾದರೋ, ಯಾವ ಒಂದು ದೇಶದವರಿಗೂ ವರ್ಷಕ್ಕೆ ಶೇಕಡ 7ನ್ನು ಮೀರಿ ಕೊಡಬಾರದೆಂಬ ಮಿತಿಯಿಂದ, ಭಾರತೀಯರ ಪಾಲಿಗೆ ಬಹಳ ಉದ್ದವಾಗಿ ಬೆಳೆದಿದೆ. ದೇಶದೊಳಗಿರುವವನಿಗೆ ಅನುಮತಿಯು ಅಲ್ಲಿಯೇ ಮುಂದುವರಿಯಬಹುದು. ಆದರೆ ಪಾಸ್‌ಪೋರ್ಟಿನಲ್ಲಿಯ ವೀಸಾ ಮುದ್ರೆಯ ಗಡುವು ಮುಗಿದಿದ್ದು ಅವನು ಊರಿಗೆ ಬಂದನೆಂದರೆ, ಕಾನ್ಸುಲೇಟಿನಲ್ಲಿ ಹೊಸ ಮುದ್ರೆಯನ್ನು ಪಡೆಯದೆ ಹಿಂದಿರುಗುವಂತಿಲ್ಲ.

ತಂದೆಯ ಉತ್ತರಕ್ರಿಯೆಗೆಂದು ವಿಜಯನಗರಕ್ಕೆ ಬಂದ ಮಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನನ್ನು ಪರದೇಶಕ್ಕೆ ಒಯ್ದದ್ದು ಕಾರ್ಯ. 2020ರಲ್ಲಿ ಸಾಂಕ್ರಾಮಿಕವು ವಿಮಾನಗಳನ್ನು ನಿಲ್ಲಿಸಿದ್ದು ಸಂಭ್ರಮ. ಅದೇ ಜೂನ್ 22ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಘೋಷಣೆಯು, ಹೊರಗಿದ್ದು ವೀಸಾ ಇಲ್ಲದ ಎಚ್-1ಬಿ, ಎಚ್-4 ವರ್ಗದವರ ಪ್ರವೇಶವನ್ನು ತಡೆದದ್ದು ಶಾಪಕ್ಕೆ ಸಮಾನ. ಮೊದಲು ವರ್ಷಾಂತ್ಯದವರೆಗೆಂದು ಹೇಳಿದ ಆ ತಡೆ 2021ರ ಮಾರ್ಚ್ 31ರವರೆಗೆ ಬೆಳೆಯಿತು. 2025ರ ಡಿಸೆಂಬರಿನಲ್ಲಿ ಹೊಸ ತಪಾಸಣೆಯ ಕಾರಣದಿಂದ ಭಾರತದಲ್ಲಿ ಗೊತ್ತಾಗಿದ್ದ ಸಂದರ್ಶನಗಳು ಮತ್ತೆ ತಿಂಗಳುಗಟ್ಟಲೆ ಮುಂದಕ್ಕೆ ಹೋದುವು. ಯಕ್ಷನ ಮಡದಿಯಂತೆ ಹೂವಿಟ್ಟು ಎಣಿಸೋಣವೆಂದರೆ ಎಷ್ಟು ಹೂವೆಂಬುದೇ ತಿಳಿಯದು.

ಇನ್ನೊಂದು ವ್ಯತ್ಯಾಸವೂ ವಿಚಾರಾರ್ಹವಾದುದು. ಹಿಂದಿನ ನಾಯಿಕೆಯು ತನ್ನ ಮನೆಯಲ್ಲಿ, ತನ್ನವರ ನಡುವೆ ಕಾಯುತ್ತಿದ್ದಳು. ಇಂದು ಗಂಡನು ತವರೂರಿನಲ್ಲಿ ಸಿಕ್ಕಿಬಿದ್ದಿರುವಾಗ ಹೆಂಡತಿಯೇ ಪರಸ್ಥಳದಲ್ಲಿ ಒಬ್ಬಳಾಗಿ ಉಳಿಯುವುದುಂಟು. ಮಗುವನ್ನು ಶಾಲೆಗೆ ಕಳುಹಿಸುವುದು, ಬಾಡಿಗೆ ಕಟ್ಟುವುದು, ತನ್ನ ವಾಸದ ಅನುಮತಿಯ ಕಾಗದಗಳನ್ನು ತೋರಿಸಿ ಕಾರಿನ ಲೈಸೆನ್ಸನ್ನು ನವೀಕರಿಸಿಕೊಳ್ಳುವುದು, ವಕೀಲರಿಗೆ ಬೇಕಾದ ದಾಖಲೆಗಳನ್ನು ಹುಡುಕಿ ಕಳುಹಿಸುವುದು, ಎಲ್ಲವೂ ಅವಳ ಪಾಲು. ಇಲ್ಲಿ ರಾತ್ರಿಯಾದಾಗ ಅಲ್ಲಿ ಬೆಳಗು. ಮಾತಿಗೆ ಸಿಕ್ಕುವ ಗಳಿಗೆಯೂ ರಸೀದಿ ನಂಬರುಗಳಲ್ಲಿಯೇ ಕಳೆದುಹೋಗುತ್ತದೆ. ಸರಕಾರದ ಕಾಗದವು ಅವಳನ್ನು ಕರೆಯುವುದು ಅವಲಂಬಿತೆ ಎಂದು. ಆದರೆ ಆ ಹೊತ್ತಿನಲ್ಲಿ ಇಡೀ ಸಂಸಾರವು ಅವಲಂಬಿಸಿರುವುದು ಅವಳನ್ನು. ಈ ವೈಪರೀತ್ಯವನ್ನು ಹಿಡಿದು ತೋರಿಸಲು ಅಂಕಿ ಅಂಶಗಳಿಂದಾಗದು. ಅದು ಸಾಹಿತ್ಯದ ಕೆಲಸ.

ಕನ್ನಡವು ಈ ದಿಕ್ಕಿಗೆ ಕಣ್ಣು ಮುಚ್ಚಿಕೊಂಡಿಲ್ಲ. ಗುರುಪ್ರಸಾದ ಕಾಗಿನೆಲೆಯವರ ‘ಹಿಜಾಬ್’ ಕಾದಂಬರಿಯು ಹಸಿರು ಕಾರ್ಡಿನ ನಿರೀಕ್ಷೆಯಲ್ಲಿರುವ ವಲಸಿಗ ವೈದ್ಯರ ಜೀವನವನ್ನು ವಸ್ತುವಾಗಿಸಿಕೊಂಡಿತು. ಆದರೂ ಹೊರನಾಡಿನಿಂದ ಬರುವ ಭಾವಗೀತೆಗಳಲ್ಲಿ ಹಿಮ, ತಾಯ್ನಾಡಿನ ಮಳೆ, ಅಮ್ಮನ ಅಡಿಗೆ ಇವುಗಳ ನೆನಪೇ ಇನ್ನೂ ಹೆಚ್ಚು. ನೆನಪು ಸಹಜವಾದುದು, ಮಧುರವೂ ಹೌದು; ಆದರೆ ಅದು ಕಳೆದುದನ್ನು ಹಾಡುತ್ತದೆ, ನಡೆಯುತ್ತಿರುವುದನ್ನಲ್ಲ.

ಅರ್ಜಿ, ಮುದ್ರೆ, ರಸೀದಿಗಳು ರಸಕ್ಕೆ ಒಗ್ಗವೆಂದು ಕೆಲವರು ಆಕ್ಷೇಪಿಸಬಹುದು. ರಾಘವಾಂಕನ ಹರಿಶ್ಚಂದ್ರಕಾವ್ಯವೇ ಅದಕ್ಕೆ ಉತ್ತರ. ಅಲ್ಲಿಯ ಸಂಕಟಗಳು ಸಾಲ, ಗಡುವು, ಬೆನ್ನು ಬಿಡದ ನಕ್ಷತ್ರಿಕ ಇವುಗಳಿಂದಲೇ ಬೆಳೆಯುತ್ತವೆ. ಸತಿಸುತರ ಅಗಲಿಕೆಯೂ ಒಂದು ಲೆಕ್ಕವನ್ನು ತೀರಿಸಲು ನಡೆದ ಮಾರಾಟದಿಂದ ಬಂದುದು. ಲೆಕ್ಕಪತ್ರವು ಅಲ್ಲಿ ರಸವನ್ನು ಕೆಡಿಸಲಿಲ್ಲ, ಕರುಣಕ್ಕೆ ಎಡೆಮಾಡಿತು. ಇಂದು ಪರಸ್ಥಳದ ಅಡಿಗೆಮನೆಯ ಮೇಜಿನ ಮೇಲೆ, ಮಗು ಮಲಗಿದ ಮೇಲೆ, ಕಾಗದಗಳನ್ನು ಹರಡಿಕೊಂಡು ಕುಳಿತಿರುವವಳು ಅಂತಹ ಕವಿಯೊಬ್ಬನನ್ನು, ಅಥವಾ ತಾನೇ ಬರೆಯುವ ಬಿಡುವನ್ನು, ಎದುರುನೋಡುತ್ತಿದ್ದಾಳೆ.